ಕೊರಳಲ್ಲಿ ನಿಂತ ಅಯೋಡಿನ್

ನನ್ನ ನೆನಪಿನಲ್ಲಿ ಆ ಶುಕ್ರವಾರವೇ ಇಲ್ಲ. ಗುರುವಾರ ಮಧ್ಯಾಹ್ನ ತಪ್ಪು ಗೊತ್ತಾಯಿತು, ಮರುದಿನ ಬೆಳಿಗ್ಗೆಯೇ ಹೋಗಿ ಹೇಳಿಬಿಟ್ಟೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೋದ ತಿಂಗಳು ಟ್ರಂಕಿನ ತಳದಲ್ಲಿ ಹಳೆಯ ಡೈರಿ ಸಿಕ್ಕಿತು. ಅದರಲ್ಲಿ ಗುರುವಾರಕ್ಕೂ ನಾನು ಬಾಯಿಬಿಟ್ಟ ದಿನಕ್ಕೂ ನಡುವೆ ಒಂದು ಪೂರ್ತಿ ಶುಕ್ರವಾರ ಇದೆ. ಆದ್ದರಿಂದ ಇದನ್ನು ಡೈರಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಎರಡೂ ಹೊಂದದ ಕಡೆ ಡೈರಿಯನ್ನು ನಂಬುತ್ತೇನೆ. ಅದಕ್ಕೆ ನನ್ನನ್ನು ಒಳ್ಳೆಯವಳನ್ನಾಗಿ ತೋರಿಸುವ ಆಸೆ ಇರಲಿಲ್ಲ.

ಎಪ್ಪತ್ತರ ದಶಕದ ಒಂದು ಚಳಿಗಾಲ. ನಾನು ಜೀವರಸಾಯನಶಾಸ್ತ್ರದ ಸಂಶೋಧನೆಯಲ್ಲಿದ್ದೆ. ಮೂತ್ರಪಿಂಡದ ರೋಗಿಗಳು ರಕ್ತದಲ್ಲಿನ ಪ್ರತಿಕಾಯಗಳನ್ನು ಎಷ್ಟು ಬೇಗ ಕಳೆದುಕೊಳ್ಳುತ್ತಾರೆ ಎಂದು ನನ್ನ ಮಾರ್ಗದರ್ಶಕರು ಅಳೆಯುತ್ತಿದ್ದರು. ಪ್ರತಿಕಾಯ ಎಂದರೆ ರೋಗದ ವಿರುದ್ಧ ಮೈ ತಾನೇ ಮಾಡಿಕೊಳ್ಳುವ ಪ್ರೋಟೀನು. ಅದು ಹುಟ್ಟುತ್ತದೆ, ಕೆಲಸ ಮಾಡುತ್ತದೆ, ಹಳತಾದ ಮೇಲೆ ಮೈಯೇ ಅದನ್ನು ಒಡೆದು ಹಾಕುತ್ತದೆ. ರೋಗಿಯಲ್ಲಿ ಇದು ಬೇಗ ಆಗುತ್ತಿದೆ ಎನ್ನಬೇಕಾದರೆ ನಿರೋಗಿಯಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂದು ಗೊತ್ತಿರಬೇಕಲ್ಲ? ಪುಸ್ತಕಗಳಲ್ಲಿ ಅರ್ಧ ಕರಗಲು ಸುಮಾರು ಮೂರು ವಾರ ಎಂದಿತ್ತು. ಆದರೆ ಆ ಲೆಕ್ಕವೆಲ್ಲ ಪರದೇಶದವರ ಮೈಯದು. ನಮ್ಮ ಕಡೆಯವರ ರಕ್ತದಲ್ಲಿ ಪ್ರತಿಕಾಯಗಳೇ ಹೆಚ್ಚು. ನೀರು, ಮಣ್ಣು, ಜ್ವರ, ಗಾಯ, ಎಲ್ಲದರ ಜೊತೆ ಹುಟ್ಟಿನಿಂದ ಹೊಡೆದಾಡಿದ ಮೈ. ಹೆಚ್ಚಿದ್ದಷ್ಟೂ ಬೇಗ ಒಡೆಯುತ್ತದೆ ಎಂಬ ಊಹೆ ಇತ್ತು. ಅಳೆದು ನೋಡಿದವರು ಕಡಿಮೆ.

ಅಳೆಯುವ ದಾರಿ ಸರಳ, ಆದರೆ ಕಾಟದ್ದು. ಶುದ್ಧ ಮಾಡಿದ ಪ್ರತಿಕಾಯದ ಪ್ರೋಟೀನಿಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ, ಅದರಲ್ಲಿ ಚೂರೇ ಚೂರನ್ನು ರಕ್ತಕ್ಕೆ ಚುಚ್ಚುವುದು. ದಿನಾ ಸ್ವಲ್ಪ ರಕ್ತ ತೆಗೆದು, ಅದರಲ್ಲಿ ಎಷ್ಟು ಉಳಿದಿದೆ ಎಂದು ಯಂತ್ರದಲ್ಲಿ ಎಣಿಸುವುದು. ಪ್ರೋಟೀನು ಒಡೆದಾಗ ಅಯೋಡಿನ್ ಬಿಡಿಸಿಕೊಂಡು ಮೂತ್ರದಲ್ಲಿ ಹೋಗುತ್ತದೆ. ಆದ್ದರಿಂದ ದಿನದ ಮೂತ್ರವನ್ನೆಲ್ಲ ಒಂದು ಹನಿ ಬಿಡದೆ ಡಬ್ಬಿಯಲ್ಲಿ ಹಿಡಿದು ಅದನ್ನೂ ಎಣಿಸಬೇಕು. ರಕ್ತದಲ್ಲಿ ಇಳಿದದ್ದು ಮೂತ್ರದಲ್ಲಿ ಸಿಗಬೇಕು. ಎರಡೂ ಕೂಡಿದರೆ ಲೆಕ್ಕ ಖರೆ.

ಇನ್ನೊಂದು ವಿಷಯವಿದೆ, ಈ ಕಥೆಯೇ ಅದರ ಮೇಲೆ ನಿಂತಿದೆ. ಕೊರಳಿನ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಕಂಡರೆ ಹಸಿವು. ಬಿಡಿ ಅಯೋಡಿನ್ ರಕ್ತದಲ್ಲಿ ಬಂದರೆ ಹಿಡಿದಿಟ್ಟುಕೊಳ್ಳುತ್ತದೆ, ವಿಕಿರಣದ್ದಾದರೂ ಬಿಡುವುದಿಲ್ಲ. ಅದಕ್ಕೇ ಮೊದಲೇ ಮಾಮೂಲು ಅಯೋಡಿನ್ ಹನಿಗಳನ್ನು ಕುಡಿಸಿ ಅದರ ಹೊಟ್ಟೆ ತುಂಬಿಸಿಡಬೇಕು. ದಿನಕ್ಕೆ ಮೂರು ಸಲ, ಸಲಕ್ಕೆ ಮೂರು ಹನಿ, ನೀರಿನಲ್ಲಿ. ಕೆಲಸ ಮುಗಿಯುವವರೆಗೆ ಒಂದು ಹೊತ್ತೂ ತಪ್ಪಬಾರದು.

ಜಾಗ ರಬಕವಿ. ನಾನು ಪಕ್ಕದ ತೇರದಾಳದವಳು. ತಿಂಗಳುಗಟ್ಟಲೆ ಊರು ಬಿಡದೆ ಕೂತು ದುಡಿಯುವ ಆರೋಗ್ಯವಂತರು ಬೇಕು ಎಂದಾಗ ನನಗೆ ನೇಕಾರರೇ ನೆನಪಾದರು. ಪರಿಚಯದ ದವಾಖಾನೆಯೊಂದರ ಹಿಂದಿನ ಕೋಣೆ ಸಿಕ್ಕಿತು. ಚುಚ್ಚುವುದು, ರಕ್ತ ತೆಗೆಯುವುದು ಅಲ್ಲಿಯ ಡಾಕ್ಟರರ ಪಾಲು. ಉಳಿದದ್ದೆಲ್ಲ ನನ್ನದು. ಐದು ಜನ ಒಪ್ಪಿದರು: ಜಮಖಂಡಿಯಿಂದ ಬಂದು ಇಲ್ಲೇ ಮನೆ ಮಾಡಿದ್ದ ಸಾಲಿ ಮಾಸ್ತರರು, ದವಾಖಾನೆಯ ಕಾಂಪೌಂಡರು, ಮತ್ತು ಒಂದೇ ಓಣಿಯ ಮೂವರು ಕೈಮಗ್ಗದ ನೇಕಾರರು. ಆ ಮೂವರಲ್ಲಿ ಹಿರಿಯವನೇ ಉಳಿದಿಬ್ಬರನ್ನು ಒಪ್ಪಿಸಿದ್ದು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ನಾನು ವಿವರಿಸಿದ್ದನ್ನೆಲ್ಲ ಕೇಳಿ ಅವನು ಹೇಳಿದ ಮಾತು ಡೈರಿಯಲ್ಲಿದೆ.

“ಅಂದ್ರ, ಬಿಳಿ ಹಾಸಿನ್ಯಾಗ ಒಂದ ಕೆಂಪ ಎಳಿ ಬಿಟ್ಟು, ಅದು ಎಲ್ಲಿ ತನಾ ಬರತೈತಿ ನೋಡೂದು. ಹೌದಲ್ರಿ ಅಕ್ಕಾರ?”

ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಅವನಿಗಿಂತ ಚೆನ್ನಾಗಿ ನಾನು ಹೇಳಿರಲಿಲ್ಲ. ಆದರೆ ಹನಿಗಳ ಬಗ್ಗೆ ಏನು ಹೇಳಿದೆ? ಡೈರಿಯಲ್ಲಿ ಎರಡೇ ಪದ: ‘ತಿಳಿಸಿ ಹೇಳಿದೆ.’ ಏನನ್ನು ತಿಳಿಸಿದೆ ಎಂದು ಈಗ ಎಷ್ಟು ತಡಕಿದರೂ ಸಿಗುವುದಿಲ್ಲ. ‘ಇದು ಮೈಗೆ ಚಲೋ’ ಎಂದಷ್ಟೇ ಹೇಳಿ ಸೀಸೆ ಕೈಗಿಟ್ಟಿರಬಹುದು ಎಂಬ ಅನುಮಾನ ನನಗಿದೆ. ವಿಕಿರಣ, ಕೊರಳು ಎಂದೆಲ್ಲ ಬಿಡಿಸಿ ಹೇಳಿದರೆ ಹೆದರಿ ಬಿಟ್ಟಾರು ಎಂಬ ಅಂಜಿಕೆ ಆಗ ನನಗಿತ್ತು ಎಂಬುದಂತೂ ನೆನಪಿದೆ.

ಶನಿವಾರ ಹನಿ ಶುರು. ಸೋಮವಾರ ಚುಚ್ಚಿದ್ದು.

ಮೊದಲ ಪೆಟ್ಟು ಕೊಟ್ಟದ್ದು ವಿದ್ಯುತ್ತು. ಸುತ್ತಲೂ ಪವರ್‌ಲೂಮುಗಳು. ಅವು ಎದ್ದರೆ ನಮ್ಮ ವೋಲ್ಟೇಜು ಇಳಿಯುತ್ತಿತ್ತು. ಒಂದೇ ಮಾದರಿಯನ್ನು ಎರಡು ಸಲ ಎಣಿಸಿದರೆ ಎರಡು ಉತ್ತರ. ಮೂರನೆಯ ದಿನ ಉಪಾಯ ಹೊಳೆಯಿತು. ಮಧ್ಯಾಹ್ನ ರೊಟ್ಟಿ ಊಟಕ್ಕೆ ಮಗ್ಗಗಳು ನಿಂತಾಗ ಓಣಿ ಒಮ್ಮೆಲೇ ಕಿವುಡಾದ ಹಾಗೆ ಆಗುತ್ತಿತ್ತು. ಆ ಹೊತ್ತಿನಲ್ಲಿ ಯಂತ್ರದ ಸೂಜಿ ಅಲ್ಲಾಡುತ್ತಿರಲಿಲ್ಲ. ಪ್ರತಿ ಮಾದರಿಯ ಹಿಂದೆ ಮುಂದೆ, ಚುಚ್ಚುವ ಮೊದಲೇ ತೆಗೆದಿಟ್ಟ ಮೂಲ ದ್ರಾವಣವನ್ನೂ ಎಣಿಸಿ ತಾಳೆ ನೋಡುತ್ತಿದ್ದೆ. ಊರೆಲ್ಲ ಉಣ್ಣುವಾಗ ನಾನು ಎಣಿಸುತ್ತಿದ್ದೆ, ಅವರು ಎದ್ದ ಮೇಲೆ ಉಣ್ಣುತ್ತಿದ್ದೆ. ಹದಿನೈದು ದಿನದಲ್ಲಿ ಅದೇ ಹಿತವೆನಿಸಿತು.

ಡಬ್ಬಿಗಳದು ಬೇರೆ ಕಥೆ. ಮುಚ್ಚಳವಿದ್ದ ದೊಡ್ಡ ತಗಡಿನ ಡಬ್ಬಿ. ಬೆಳಿಗ್ಗೆ ಮೂವರು ನೇಕಾರರೂ ಕೈಯಲ್ಲಿ ಹಿಡಿದು ದವಾಖಾನೆಗೆ ಬರುವಾಗ ಕಟ್ಟೆಯ ಮೇಲಿನವರು ಬಿಡುತ್ತಿರಲಿಲ್ಲ.

“ಏನಲೇ, ಡೇರಿಗೆ ಹಾಲ ಹಾಕಾಕ ಹೊಂಟೀಯೇನು? ಫ್ಯಾಟ್ ಎಷ್ಟ ಬಂತು?”

“ನಿನ್ನ ಎಮ್ಮಿಗಿಂತಾ ಹೆಚ್ಚ ಐತಿ, ತಗೋತಿ ಏನ?” ಎಂದು ಹಿರಿಯ ನೇಕಾರ ತಿರುಗಿ ನೋಡದೆ ಹೇಳುತ್ತ ನಡೆಯುತ್ತಿದ್ದ.

ಒಂದು ವಾರ ಕಳೆಯಿತು. ಅಂಕಿಗಳನ್ನು ಲಾಗ್ ಗ್ರಾಫ್ ಕಾಗದದ ಮೇಲೆ ಇಟ್ಟೆ. ರಕ್ತದ ಚುಕ್ಕೆಗಳು ಐದೂ ಜನರಲ್ಲಿ ನೆಟ್ಟಗೆ ಇಳಿದಿದ್ದವು, ಪುಸ್ತಕದ ಗೆರೆಗಿಂತ ತುಸು ಕಡಿದಾಗಿ. ನಮ್ಮ ಊಹೆ ನಿಜವಾಗುತ್ತಿತ್ತು. ಖುಷಿಗೆ ಮೈ ಹಗುರಾಯಿತು. ಆಮೇಲೆ ಮೂತ್ರದ ಲೆಕ್ಕ ಕೂಡಿಸಿದೆ. ಕಾಂಪೌಂಡರದು ಪೂರ್ತಿ, ಮಾಸ್ತರರದು ಹೆಚ್ಚುಕಡಿಮೆ ತಾಳೆಯಾಯಿತು. ಮೂವರು ನೇಕಾರರದು ಆಗಲಿಲ್ಲ. ರಕ್ತದಲ್ಲಿ ಇಳಿದದ್ದರಲ್ಲಿ ಒಂದು ಪಾಲು ಎಲ್ಲೂ ಸಿಗಲಿಲ್ಲ.

ಇಂಥ ಕಡೆ ಯಾರಿಗಾದರೂ ಮೊದಲು ಬರುವ ಗುಮಾನಿ ಒಂದೇ: ಡಬ್ಬಿಗೆ ಎಲ್ಲ ಬಂದಿಲ್ಲ. ಹೊರಗೆ ಹೋದಾಗ ಗಿಡದ ಮರೆಯಲ್ಲಿ ಮುಗಿಸಿರುತ್ತಾರೆ. ನಾನು ನೇರ ಹಿರಿಯ ನೇಕಾರನ ಮನೆಗೆ ಹೋದೆ. ಅವನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಮಗ್ಗದ ಮೇಲೆ ಬಿಳಿಯ ಧೋತರದ ಹಾಸು. ಅವನ ತಾಯಿ ಪಡಸಾಲೆಯಲ್ಲಿ ರಾಟಿ ತಿರುಗಿಸುತ್ತ ನೂಲು ಸುತ್ತುತ್ತಿದ್ದಳು.

“ನೀವು ಡಬ್ಬಿ ಒಯ್ಯದ ಹೊಳಿ ಕಡೆ ಹೋಗತೀರಿ. ಹೌದಿಲ್ಲೋ?” ಎಂದೆ. ಒಂದು ನಮಸ್ಕಾರವನ್ನೂ ಹೇಳಲಿಲ್ಲ.

ಅವನು ಲಾಳಿ ನಿಲ್ಲಿಸಿದ. “ಇಲ್ರಿ.”

“ಲೆಕ್ಕ ಹತ್ತವಲ್ದು. ನಿಮ್ಮ ಮೂವರದೂ.”

“ಅಕ್ಕಾರ, ಹಾಸಿನ್ಯಾಗ ಒಂದ ಎಳಿ ತಪ್ಪಿದ್ರ ಬಟ್ಟಿ ಉದ್ದಕ್ಕೂ ಕಾಣತೈತ್ರಿ. ನಾ ಅದನ್ನ ನೋಡಕೋತ ಕುಂತಾವ. ಡಬ್ಬಿ ಒಂದ ಹೊತ್ತ ಬಿಟ್ಟಿದ್ರ ನಾನs ಬಂದ ಹೇಳತಿದ್ನಿ.”

ತಾಯಿ ರಾಟಿಯಿಂದ ಕಣ್ಣೆತ್ತದೆ, “ಸಂತಿಗೂ ಡಬ್ಬಿ ತಗೊಂಡ ಹೋಗ್ಯಾನ ಬೇ ಇಂವಾ. ನನಗs ನಾಚಿಕಿ ಬಂತು,” ಎಂದಳು.

ನಾನು ನಂಬಲಿಲ್ಲ. ಆದರೆ ಕೋಣೆಗೆ ಬಂದ ಮೇಲೆ ಒಂದು ವಿಷಯ ಹೊಳೆಯಿತು, ಅದು ಮೊದಲೇ ಹೊಳೆಯಬೇಕಿತ್ತು. ಕ್ರಿಯಾಟಿನಿನ್ ಎಂಬ ಪದಾರ್ಥ ಒಬ್ಬನ ಮೂತ್ರದಲ್ಲಿ ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಮೂತ್ರ ಚೆಲ್ಲಿದ್ದರೆ ಅದೂ ಕಡಿಮೆಯಾಗಬೇಕು. ಪಿಕ್ರಿಕ್ ಆಮ್ಲ ಬೆರೆಸಿ, ಕಿತ್ತಳೆ ಬಣ್ಣ ಎಷ್ಟು ಗಾಢವಾಗುತ್ತದೆ ಎಂದು ನೋಡುವ ಪರೀಕ್ಷೆ. ಎರಡು ದಿನ ಕೂತು ಎಲ್ಲ ಡಬ್ಬಿಗಳ ಮಾದರಿ ಪರೀಕ್ಷಿಸಿದೆ. ಮೂವರು ನೇಕಾರರ ಬಣ್ಣವೂ ಒಂದು ದಿನ ಇಳಿದಿರಲಿಲ್ಲ. ಐವರಲ್ಲಿ ಎಲ್ಲರಿಗಿಂತ ಸಮನಾದ ಲೆಕ್ಕ ಹಿರಿಯವನದೇ. ಒಂದೆರಡು ಸಲ ಡಬ್ಬಿ ಮರೆತವರು ಮಾಸ್ತರರು.

ಮೂತ್ರ ಪೂರ್ತಿ ಇದೆ. ರಕ್ತದಲ್ಲಿ ಇಳಿದಿದೆ. ಹಾಗಾದರೆ ಅಯೋಡಿನ್ ಮೈಯೊಳಗೇ ಎಲ್ಲೋ ನಿಂತಿದೆ. ಎಲ್ಲಿ ಎಂದು ಯೋಚಿಸಬೇಕಾಗಿರಲಿಲ್ಲ.

ಗುರುವಾರ, ಮಗ್ಗಗಳು ಊಟಕ್ಕೆ ನಿಂತ ಹೊತ್ತು. ಎಣಿಸುವ ಯಂತ್ರದ ಕಣ್ಣನ್ನು, ಅಂದರೆ ವಿಕಿರಣ ಹಿಡಿಯುವ ಭಾಗವನ್ನು, ಅದರ ಸೀಸದ ಗೂಡಿನಿಂದ ಹೊರತೆಗೆದು, ಹಿರಿಯ ನೇಕಾರನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಮೊದಲು ತೊಡೆಯ ಮೇಲೆ ಹಿಡಿದೆ, ಏಕೆಂದರೆ ರಕ್ತದಲ್ಲಿ ಇರುವಷ್ಟು ಎಲ್ಲ ಕಡೆಯೂ ಕಾಣಲೇಬೇಕು. ಟಿಕ್, ಟಿಕ್ ಎಂದು ಬಿಡಿಬಿಡಿಯಾಗಿ ಬಂತು. ಆಮೇಲೆ ಕೊರಳಿಗೆ ಹಿಡಿದೆ. ಜ್ವಾಳ ಹುರಿಯುವಾಗ ಅರಳು ಸಿಡಿದ ಹಾಗೆ.

“ಏನ್ರಿ ಅದು?” ಎಂದ ಅವನು.

“ಹನಿ ಕುಡೀತೀರಿಲ್ಲೋ? ಮೂರು ಹೊತ್ತು?”

“ಹೂಂನ್ರಿ,” ಎಂದ, ಕಣ್ಣು ಕಿಟಕಿಯ ಕಡೆ ಇತ್ತು. “ಎಣಿಸಿ ಮೂರ ಹನಿ.”

ಸೀಸೆ ತರಿಸಿ ನೋಡಿದೆ. ಎಷ್ಟು ಇಳಿಯಬೇಕೋ ಕರಾರುವಾಕ್ಕಾಗಿ ಅಷ್ಟೇ ಇಳಿದಿತ್ತು. ಆದರೆ ಹನಿ ಹೊಟ್ಟೆಗೆ ಹೋಗಿಲ್ಲ ಎಂದು ಕೊರಳು ಹೇಳುತ್ತಿತ್ತು.

ಸಂಜೆ ಅಂಚೆ ಕಚೇರಿಯಿಂದ ಮಾರ್ಗದರ್ಶಕರಿಗೆ ಟ್ರಂಕ್ ಕಾಲ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: “ಪ್ರಮಾಣ ಸಣ್ಣದು. ಕೊರಳಿನ ತಪಾಸಣೆಗೆ ರೋಗಿಗಳಿಗೆ ಕೊಡುವಷ್ಟೂ ಅಲ್ಲ. ಆ ಮೂವರ ಮೂತ್ರದ ಲೆಕ್ಕ ಕೈಬಿಟ್ಟು ರಕ್ತದ ಗೆರೆ ಮಾತ್ರ ಇಟ್ಟುಕೊಂಡರೂ ಪ್ರಬಂಧ ನಿಲ್ಲುತ್ತದೆ. ಹೇಳಲು ಹೋದರೆ ಐದೂ ಜನ ಎದ್ದು ಹೋಗಬಹುದು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ನಿನಗೊಬ್ಬಳಿಗೆ ಬಿಟ್ಟು. ಅಲ್ಲಿ ಇರುವವಳು ನೀನು, ನಾನಲ್ಲ.”

ಕರೆಯ ಮೂರು ನಿಮಿಷ ಮುಗಿಯಿತು.

ಇನ್ನು ಆ ಶುಕ್ರವಾರ. ಡೈರಿಯಲ್ಲಿ ಇರುವುದು ಇಷ್ಟು: ‘ಮೂಲ ದ್ರಾವಣ ಎಣಿಸಿದೆ. ಸರಿ ಇದೆ. ಚಹಾ ಚಲೋ ಇರಲಿಲ್ಲ.’

ಅಂದು ಏನು ಯೋಚಿಸಿದೆ ಎಂದು ಗೊತ್ತಿಲ್ಲ. ಊಹಿಸಬಲ್ಲೆ. ಇನ್ನೊಂದು ದಿನ ನೋಡೋಣ, ಖಾತ್ರಿಯಾಗಲಿ ಎಂದುಕೊಂಡಿರಬೇಕು. ಖಾತ್ರಿಯಾಗಲು ಬಾಕಿ ಏನೂ ಇರಲಿಲ್ಲ. ಪ್ರೋಟೀನು ದಿನಾ ಒಡೆಯುತ್ತಿತ್ತು, ದಿನಾ ಅಯೋಡಿನ್ ಬಿಡುಗಡೆಯಾಗುತ್ತಿತ್ತು, ಆ ಮೂವರ ಕೊರಳು ತನ್ನ ಪಾಲು ತೆಗೆದುಕೊಳ್ಳುತ್ತಲೇ ಇತ್ತು. ಹನಿ ಹೊಟ್ಟೆಗೆ ಹೋದ ದಿನದಿಂದ ಅದು ನಿಲ್ಲುತ್ತಿತ್ತು. ನಾನು ಆ ದಿನ ಚಹಾದ ರುಚಿ ಬರೆದಿದ್ದೇನೆ.

ಶನಿವಾರ ಬೆಳಿಗ್ಗೆ ಓಣಿಗೆ ಹೋದೆ. ಮೂವರನ್ನೂ ಹಿರಿಯವನ ಪಡಸಾಲೆಗೆ ಕರೆಸಿದೆ. ತಾಯಿ ಗೋಡೆಗೆ ಒರಗಿ ಕೂತಳು. ನಿಂತುಕೊಂಡು ಹೇಳಲು ಧೈರ್ಯ ಬರಲಿಲ್ಲ. ನಾನೂ ನೆಲದ ಮೇಲೆ ಕೂತೆ.

ಎಲ್ಲ ಹೇಳಿದೆ. ಚುಚ್ಚಿದ್ದರಲ್ಲಿ ಏನಿತ್ತು, ಅದು ಯಂತ್ರಕ್ಕೆ ಏಕೆ ಕಾಣುತ್ತದೆ, ಕೊರಳು ಅದನ್ನು ಏಕೆ ಹಿಡಿಯುತ್ತದೆ, ಹನಿ ಏಕೆ ಕೊಟ್ಟಿದ್ದು. ಪ್ರಮಾಣ ಸಣ್ಣದು, ಎಂಟು ದಿನಕ್ಕೊಮ್ಮೆ ತಾನಾಗಿ ಅರ್ಧವಾಗುತ್ತದೆ, ಆದರೆ ಅದು ಅಲ್ಲಿ ಇರಬಾರದಿತ್ತು. “ಇದನ್ನ ಚುಚ್ಚೂಕಿಂತ ಮೊದಲ ಹೇಳಬೇಕಿತ್ತು. ಹೇಳಲಿಲ್ಲ. ಗುರುವಾರ ಗೊತ್ತಾತು, ನಿನ್ನೆನೂ ಹೇಳಲಿಲ್ಲ. ಮತ್ತ ನಿಮಗ ಡಬ್ಬಿ ಕಳ್ಳರು ಅಂದೆ. ನೀವು ಬಿಟ್ಟ ಹೋಗತೀನಿ ಅಂದ್ರ ಇವತ್ತs ಬಿಡಬಹುದು. ಆದ್ರ ಬಿಟ್ರೂ ಹನಿ ಮಾತ್ರ ಕುಡೀರಿ.”

ಕಿರಿಯವನೊಬ್ಬ ತನ್ನ ಕೊರಳು ಮುಟ್ಟಿ ನೋಡಿಕೊಂಡ. ಆಮೇಲೆ ತಾಯಿ ಎದ್ದು ಒಳಗೆ ಹೋಗಿ, ಹಾಸಿನ ನೂಲಿಗೆ ಹಚ್ಚುವ ಗಂಜಿಯ ಬೋಗುಣಿ ತಂದು ನನ್ನ ಮುಂದಿಟ್ಟಳು.

“ಹಂಗಾರ ನಮ್ಮದೂ ಕೇಳ ತಂಗಿ,” ಎಂದಳು. “ಮೊದಲನೇ ದಿನಾ ಮಗ್ಗದ ಮ್ಯಾಲೆ ಕುಂತ ಹನಿ ಹಾಕ್ಕೊಳ್ಳಾಕ ಹ್ವಾದಾ. ಒಂದ ಹನಿ ಹಾಸಿನ ಮ್ಯಾಲ ಬಿತ್ತು. ನೋಡ.”

ಸೀಸೆ ಎತ್ತಿ ಗಂಜಿಗೆ ಒಂದು ಹನಿ ಬಿಟ್ಟಳು. ಬಿಳಿಯ ಗಂಜಿ ಅಲ್ಲೇ ಕಪ್ಪುನೀಲಿಯಾಗಿ ಹರಡಿತು. ಸಾಲಿಯಲ್ಲಿ ನಾನೇ ಎಷ್ಟೋ ಸಲ ಮಾಡಿದ್ದ ಪ್ರಯೋಗ. ಗಂಜಿಯಲ್ಲಿ ಪಿಷ್ಟವಿದೆ, ಪಿಷ್ಟಕ್ಕೆ ಅಯೋಡಿನ್ ಬಿದ್ದರೆ ನೀಲಿ.

“ನೂಲಿನ ಗಂಜಿ ಹಿಂಗ ಆತು. ನಾ ಅಂದೆ, ಇಂವಾ ಮುಂಜಾನೆದ್ದ ಅಂಬಲಿ ಕುಡದಿರತಾನ. ಹೊಟ್ಟ್ಯಾಗ ಇರೂದೂ ಗಂಜೀನs. ಅದೂ ಹಿಂಗs ಕರ್ರಗ ಆಗೂದಿಲ್ಲೇನ? ಅಂಬಲ್ಯಾಗೂ ಹಾಕಿ ನೋಡಿದ್ನಿ. ಕರ್ರಗ ಆತು. ಮೂರೂ ಮನಿಗೆ ನಾನs ಹೇಳೀನಿ, ಕುಡೀಬ್ಯಾಡ್ರಿ ಅಂತ.”

“ಮತ್ತ ಸೀಸೆ ಇಳದಿತ್ತಲ್ಲ?” ಎಂದೆ.

ಮಗ ತಲೆ ತಗ್ಗಿಸಿದ. “ನಿಮಗ ಬ್ಯಾಸರಾಗಬಾರದು ಅಂತ್ರಿ. ಎಣಿಸಿ ಮೂರ ಹನಿ ಗಟಾರಕ್ಕ ಚೆಲ್ಲತಿದ್ದಿವಿ. ಹೊತ್ತ ತಪ್ಪಿಸಿಲ್ರಿ.”

ನಾನು ನಕ್ಕೆ. ನಗಬಾರದಿತ್ತೇನೋ, ಆದರೆ ತಡೆಯಲಾಗಲಿಲ್ಲ. ತಾಯಿ ಮಾಡಿದ್ದು ಅಪ್ಪಟ ಪ್ರಯೋಗ. ನೂಲಿನ ಗಂಜಿಯಲ್ಲಿ ನೋಡಿದಳು, ಅಂಬಲಿಯಲ್ಲಿ ಮತ್ತೆ ಮಾಡಿ ತಾಳೆ ನೋಡಿದಳು, ಆಮೇಲೆ ತೀರ್ಮಾನ. ಆ ಬಣ್ಣದಿಂದ ಹೊಟ್ಟೆಗೆ ಏನೂ ಆಗುವುದಿಲ್ಲ ಎಂಬ ಒಂದು ಮಾತು ಅವಳಿಗೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವಳು ನಾನು.

ಏನೂ ಆಗುವುದಿಲ್ಲ ಎಂದು ಹೇಳಿದೆ. ಅವಳ ಮುಂದೆ ಮೂರು ಹನಿ ನೀರಿಗೆ ಹಾಕಿ ಕುಡಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ನೀ ಕುಡೀತಿ. ಕಲತಾಕಿ. ಇವರ ಹೊಟ್ಟಿ ಯಾರ ತಗದ ನೋಡ್ಯಾರ?”

ನಾನು ಮಾತು ಹೊರಳಿಸಿ, “ಹಾಸಿನ ಮ್ಯಾಲಿನ ಕಲೆ ಏನಾತು? ಧೋತರ ಕೆಟ್ಟಿತೇನ?” ಎಂದೆ.

“ಕೆಡಾಕ ಬಿಡತೀನೇನ? ನಿಂಬಿಹಣ್ಣ ತಿಕ್ಕಿದ್ನಿ. ಹೋತು.”

ಡೈರಿಯಲ್ಲಿ ಈ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ನಿಂಬೆರಸದಲ್ಲಿನ ಸಿ ಜೀವಸತ್ವ ಕಂದು ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಆಗಿ ಮಾಡುತ್ತದೆ. ಕೊರಳಿಗೆ ಬೇಕಾದದ್ದೂ ಆ ಅಯೋಡೈಡೇ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಎರಡನ್ನೂ ಜೋಡಿಸಲು ಈ ಪಡಸಾಲೆ ಬೇಕಾಯಿತು.

“ಒಂದ ಹಣ್ಣ ಕೊಡ್ರಿ,” ಎಂದೆ.

ಕರಿಯಾದ ಗಂಜಿಗೆ ಹಿಂಡಿದೆ. ಅವಳು ಬೆರಳಿನಿಂದ ಕಲಕಿದಳು. ನೀಲಿ ತೆಳುವಾಗಿ, ಹೊಗೆಯ ಹಾಗಾಗಿ, ಹೋಯಿತು. ಗಂಜಿ ಮೊದಲಿನ ಬಿಳಿ. ಇನ್ನೊಂದು ಲೋಟದಲ್ಲಿ ಒಂದು ಹಣ್ಣಿನ ರಸ ಪೂರ್ತಿ ಹಿಂಡಿ, ನೀರು ಬೆರೆಸಿ, ಮೂರು ಹನಿ ಬಿಟ್ಟೆ. ಕಂದು ಬಣ್ಣ ಕ್ಷಣ ನಿಂತು ಮಾಯವಾಯಿತು. ಆ ನೀರನ್ನು ತಾಯಿಯೇ ಒಂದು ಚಮಚ ಹೊಸ ಗಂಜಿಗೆ ಹಾಕಿ ನೋಡಿದಳು. ಬಣ್ಣ ತಿರುಗಲಿಲ್ಲ.

ಅವಳು ಲೋಟವನ್ನು ಮಗನ ಕೈಗೆ ಕೊಟ್ಟಳು. “ಕುಡಿಯಲೇ. ಸ್ವಲ್ಪ ಬೆಲ್ಲಾ ಹಾಕ್ಲೇನು?”

“ಬೆಲ್ಲ ಹಾಕಿದ್ರ ನಡೀತೈತೇನ್ರಿ?” ಎಂದು ಅವನು ನನ್ನನ್ನು ಕೇಳಿದ. ನಡೆಯುತ್ತದೆ ಎಂದೆ.

ಯಾರೂ ಬಿಟ್ಟು ಹೋಗಲಿಲ್ಲ. ಏಕೆ ಎಂದು ನಾನು ಕೇಳಲಿಲ್ಲ. ಅವರು ದೊಡ್ಡ ಮನಸ್ಸಿನವರು ಎಂದು ಬರೆಯಲು ಕೈ ಹೋಗುತ್ತದೆ. ಸುಮ್ಮನೆ, ಶುರು ಮಾಡಿದ ಹಾಸನ್ನು ನಡುವೆ ಕತ್ತರಿಸುವ ರೂಢಿ ಅವರಿಗೆ ಇರಲಿಲ್ಲ ಎಂಬುದೂ ಇರಬಹುದು. ಮಾಸ್ತರರೂ ಕಾಂಪೌಂಡರೂ ತಮ್ಮ ಹನಿಗಳಿಗೆ ನಿಂಬೆಹಣ್ಣು ಬೇಕೆಂದು ಹಟ ಹಿಡಿದರು.

ಮಂಗಳವಾರದಿಂದ ಮೂತ್ರದ ಲೆಕ್ಕ ಏರಿತು. ಆಮೇಲಿನ ದಿನಗಳಲ್ಲಿ ರಕ್ತಕ್ಕೂ ಅದಕ್ಕೂ ತಾಳೆ ಬಿತ್ತು, ಮಾಸ್ತರರದಕ್ಕಿಂತ ಚೆನ್ನಾಗಿ. ಎರಡು ದಿನಕ್ಕೊಮ್ಮೆ ಮೂವರ ಕೊರಳಿಗೂ ಯಂತ್ರದ ಕಣ್ಣು ಹಿಡಿಯುತ್ತಿದ್ದೆ. ಅರಳು ಸಿಡಿಯುವುದು ಕಡಿಮೆಯಾಗುತ್ತ ಬಂತು. ಪ್ರತಿ ಸಲ ಅಂಕಿಯನ್ನು ಅವರಿಗೆ ಓದಿ ಹೇಳುತ್ತಿದ್ದೆ. ಹಿರಿಯವನು ಅದನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಳ್ಳುತ್ತಿದ್ದ. ನಾನು ಮೊದಲು ಲೆಕ್ಕ ಹಾಕಿಕೊಂಡಿದ್ದಕ್ಕಿಂತ ಹತ್ತು ದಿನ ಹೆಚ್ಚು ನಿಂತೆ. ರಕ್ತದ ಕೆಲಸ ಮುಗಿದಿತ್ತು, ಕೊರಳಿನದು ಮುಗಿದಿರಲಿಲ್ಲ.

ಕೊನೆಯ ದಿನ ಊಟದ ಹೊತ್ತಿನಲ್ಲಿ ಮೊದಲು ತೊಡೆಗೆ ಹಿಡಿದೆ, ಆಮೇಲೆ ಕೊರಳಿಗೆ. ಕಿವಿಗೆ ಹೆಚ್ಚು ವ್ಯತ್ಯಾಸ ತಿಳಿಯಲಿಲ್ಲ. ಅಂಕಿಯಲ್ಲಿ ತುಸು ಇತ್ತು. ಇದ್ದಷ್ಟನ್ನು ಓದಿದೆ.

ಹೊರಡುವಾಗ ಪಡಸಾಲೆಗೆ ಹೋದೆ. ಧೋತರದ ಹಾಸು ಮುಗಿದು ಹೊಸತು ಏರಿತ್ತು, ಈ ಸಲ ಸೀರೆಯದು. ಅವನು ಕುಣಿಯಲ್ಲಿ ಕೂತೇ ಕೇಳಿದ.

“ಅಕ್ಕಾರ, ಎಳಿ ಎಲ್ಲಾ ಲೆಕ್ಕಕ್ಕ ಬಂದೂ ಏನ್ರಿ?”

“ಎಲ್ಲಾ ಇಲ್ಲ. ಮೊದಲನೇ ಹನ್ನೆರಡು ದಿನದ್ದು ತಪ್ಪೇತಿ. ಅದನ್ನ ಮುಚ್ಚಿಡೂದಿಲ್ಲ. ಯಾಕ ತಪ್ಪಿತು ಅಂತ ಬರದೀನಿ.”

“ಯಾರ ತಪ್ಪ ಅಂತ ಬರದೀರಿ?”

“ನಂದು ಅಂತ.”

ರಾಟಿ ನಿಂತಿತು. “ಅದೆಂಗ?” ಎಂದಳು ತಾಯಿ. “ಹೇಳದಾಕಿ ನೀನು. ಚೆಲ್ಲಿದಾವ್ರು ನಾವು. ಅರ್ಧಾ ನಮ್ಮ ಹೆಸರಲೆ ಬರಿ.”

ಪ್ರಬಂಧದಲ್ಲಿ ಹಾಗೆ ಬರೆಯಲು ಜಾಗವಿರಲಿಲ್ಲ. ತಪ್ಪು ನನ್ನದೆಂಬ ಮಾತು ಅದರಲ್ಲಿದೆ. ಅವರ ಪಾಲಿಗೆ, ಹನಿಗಳನ್ನು ನಿಂಬೆರಸದಲ್ಲಿ ಕೊಡಲಾಯಿತು ಎಂಬ ಒಂದು ಸಾಲು ಮಾತ್ರ ಅಡಿಟಿಪ್ಪಣಿಯಲ್ಲಿ ಉಳಿದಿದೆ. ಅವಳು ಕೇಳಿದ ಅರ್ಧವನ್ನು ಈಗ ಇಲ್ಲಿ ಬರೆದಿದ್ದೇನೆ. ಶುಕ್ರವಾರ ಮಾತ್ರ ಆ ಪಾಲಿನಲ್ಲಿ ಬರುವುದಿಲ್ಲ. ಅದು ಪೂರ್ತಿ ನನ್ನದು.